ಗೋಡೆಯನ್ನು ಓದುವುದು: ಕಲ್ಲು–ಇಟ್ಟಿಗೆ ಕಟ್ಟಡಗಳಲ್ಲಿ ಭೂಕಂಪದ ಅಪಾಯ ಮತ್ತು ಹಾನಿಯ ಅಂದಾಜು

ತರಗತಿ: 7ರಿಂದ 9. ವಿಷಯ: ಸಮಾಜ ವಿಜ್ಞಾನ, ವಿಜ್ಞಾನ ಮತ್ತು ಕನ್ನಡ (ವರ್ಣನಾತ್ಮಕ ಬರವಣಿಗೆ). ಅವಧಿ: ನಾಲ್ಕು ಪೀರಿಯಡ್, ಆನಂತರ ವರ್ಷವಿಡೀ ತಿಂಗಳಿಗೊಮ್ಮೆ ಹತ್ತು ನಿಮಿಷ. ಬೇಕಾಗುವ ವಸ್ತುಗಳು: ಅಳತೆಪಟ್ಟಿ, ಪೆನ್ಸಿಲು, ತೂಗುಗುಂಡು, ಖಾಲಿ ರಟ್ಟಿನ ಪೆಟ್ಟಿಗೆ, ಗೋಲಿಗಳು, ರಬ್ಬರ್ ಬ್ಯಾಂಡು, ಒಂದು ನೋಟುಪುಸ್ತಕ.

ಭೂಕಂಪದ ಪಾಠವು ಸಾಮಾನ್ಯವಾಗಿ ಭೂಮಿಯ ಆಳದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಫಲಕಗಳು ಚಲಿಸುತ್ತವೆ, ಒತ್ತಡ ಸಂಗ್ರಹವಾಗುತ್ತದೆ, ಶಿಲೆ ಮುರಿಯುತ್ತದೆ, ಅಲೆಗಳು ಹೊರಡುತ್ತವೆ ಎಂದು ವಿದ್ಯಾರ್ಥಿಯು ಬರೆದು ಪೂರ್ಣಾಂಕ ಪಡೆಯುತ್ತಾನೆ. ಅದನ್ನು ಬರೆಯುವಾಗ ತಾನು ಬೆನ್ನು ಕೊಟ್ಟು ಕುಳಿತಿರುವ ಗೋಡೆಯ ಕಡೆಗೆ ಅವನು ಒಮ್ಮೆಯೂ ತಿರುಗಿ ನೋಡುವುದಿಲ್ಲ. ನೆಲದ ಅಲುಗಾಟವೊಂದರಿಂದಲೇ ಮನುಷ್ಯ ಸಾಯುವುದು ಅಪರೂಪ. ಬೀಳುವ ಗೋಡೆ ಮತ್ತು ಛಾವಣಿಗಳಿಂದ ಸಾಯುವುದೇ ಹೆಚ್ಚು. ಆದುದರಿಂದ ಈ ಪಾಠದ ವಸ್ತು ಫಲಕಗಳಲ್ಲ, ಗೋಡೆ. ಶಾಲೆಯ ಗೋಡೆ, ಮನೆಯ ಗೋಡೆ, ಮಕ್ಕಳು ದಿನವೂ ಪಕ್ಕದಲ್ಲಿ ನಡೆದುಬರುವ ಕಾಂಪೌಂಡು ಗೋಡೆ.

ಈ ಎರಡು ಜಿಲ್ಲೆಗಳಲ್ಲಿ ಈ ಪಾಠವೇಕೆ

1900ನೆಯ ಇಸವಿಯ ಫೆಬ್ರವರಿ 8ರಂದು ಕೊಯಮತ್ತೂರು ಪ್ರದೇಶದಲ್ಲಿ ಭೂಕಂಪವಾಯಿತು. ಅದರ ಪ್ರಮಾಣ ಸುಮಾರು 6 ಎಂದು ಅಂದಾಜು ಮಾಡಲಾಗಿದೆ. ದಕ್ಷಿಣ ಭಾರತದ ವಿಶಾಲ ಭೂಭಾಗದಲ್ಲಿ ಅದು ಅನುಭವಕ್ಕೆ ಬಂದಿತು. ಅದರ ಕೇಂದ್ರವನ್ನು ವಿದ್ವಾಂಸರು ನಗರದ ನೈಋತ್ಯಕ್ಕೆ, ಪಾಲಕ್ಕಾಡು ಕಣಿವೆಯ ಆಸುಪಾಸಿನಲ್ಲಿ ಗುರುತಿಸುತ್ತಾರೆ. ಇಂದು ಆ ದಿನವನ್ನು ಕಂಡವರು ಯಾರೂ ಉಳಿದಿಲ್ಲ. ಎರಡು ಜಿಲ್ಲೆಗಳಲ್ಲಿ ಈಗ ನಿಂತಿರುವ ಕಟ್ಟಡಗಳಲ್ಲಿ ಬಹುಪಾಲು ಆ ದಿನದ ಅನಂತರ ಕಟ್ಟಿದವು. ಅಂದರೆ ಅವುಗಳಿಗೆ ಅಂಥ ಪರೀಕ್ಷೆ ಇನ್ನೂ ಎದುರಾಗಿಲ್ಲ.

ಇಲ್ಲಿ ಶಿಕ್ಷಕರು ಒಂದು ಸಂಗತಿಯನ್ನು ಎತ್ತಿ ಹೇಳಬಹುದು. 1900ರಲ್ಲಿ ಭೂಕಂಪಮಾಪಕ ಯಂತ್ರಗಳು ವಿರಳವಾಗಿದ್ದವು. ಆ ಕಾಲದ ಭೂಕಂಪಗಳ ಬಲವನ್ನು ನಾವಿಂದು ತಿಳಿಯುವುದು ಹೆಚ್ಚಾಗಿ ಎಲ್ಲಿ ಯಾವ ಗೋಡೆ ಬಿರಿಯಿತು, ಎಲ್ಲಿ ಹಂಚು ಜಾರಿತು, ಎಲ್ಲಿ ಮಲಗಿದ್ದವರು ಎದ್ದು ಹೊರಗೆ ಓಡಿದರು ಎಂಬ ವರದಿಗಳಿಂದ. ಕಟ್ಟಡಕ್ಕೆ ಆದ ಹಾನಿಯನ್ನು ಯಾರೋ ನೋಡಿ ಬರೆದಿಟ್ಟದ್ದರಿಂದ ಆ ಭೂಕಂಪ ನಮ್ಮ ಪಾಲಿಗೆ ಉಳಿದಿದೆ. ಮಕ್ಕಳು ಈ ಪಾಠದಲ್ಲಿ ಕಲಿಯಲಿರುವುದು ಅದೇ ಕೆಲಸ.

ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 1893 ಎಂಬ ಸಂಹಿತೆಯ 2002ರ ಪರಿಷ್ಕರಣೆಯಲ್ಲಿ ದೇಶವನ್ನು ಎರಡರಿಂದ ಐದರವರೆಗಿನ ನಾಲ್ಕು ಭೂಕಂಪ ವಲಯಗಳನ್ನಾಗಿ ವಿಂಗಡಿಸಿತು. ಕೊಯಮತ್ತೂರು ಮೂರನೆಯ ವಲಯದಲ್ಲಿ ಸೇರಿತು. "ಮಧ್ಯಮ ಅಪಾಯ" ಎಂಬ ಮಾತನ್ನು ಕೇಳಿದೊಡನೆ ಮನಸ್ಸು ನಿರಾಳವಾಗುತ್ತದೆ. ಆದರೆ ಈ ಮಾತಿನ ಅರ್ಥವನ್ನು ಬಿಡಿಸಿ ನೋಡಬೇಕು. ಮೂರನೆಯ ವಲಯವೆಂದರೆ ಎಂ.ಎಸ್.ಕೆ. ಮಾಪಕದಲ್ಲಿ ಏಳನೆಯ ತೀವ್ರತೆಯವರೆಗಿನ ಅಲುಗಾಟವನ್ನು ನಿರೀಕ್ಷಿಸಬೇಕಾದ ಪ್ರದೇಶ. ಅದೇ ಮಾಪಕವು ಕಟ್ಟಡಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಮಣ್ಣಿನ ಗೋಡೆ, ಹಸಿ ಇಟ್ಟಿಗೆ, ಕಾಡುಗಲ್ಲಿನ ಮನೆಗಳು ಮೊದಲ ಬಗೆ, ಸಾಧಾರಣ ಸುಟ್ಟ ಇಟ್ಟಿಗೆಯ ಅಥವಾ ಕೆತ್ತಿದ ಕಲ್ಲಿನ ಕಟ್ಟಡಗಳು ಎರಡನೆಯ ಬಗೆ, ಕಬ್ಬಿಣ ಸೇರಿದ ಕಾಂಕ್ರೀಟಿನ ಚೌಕಟ್ಟುಗಳು ಮತ್ತು ಒಳ್ಳೆಯ ಮರದ ಮನೆಗಳು ಮೂರನೆಯ ಬಗೆ. ಏಳನೆಯ ತೀವ್ರತೆಯಲ್ಲಿ ಮೊದಲ ಬಗೆಯ ಮನೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ದೊಡ್ಡ, ಆಳವಾದ ಬಿರುಕು ಬೀಳುತ್ತದೆ. ನೂರಕ್ಕೆ ಐದರಷ್ಟು ಮನೆಗಳು ಭಾಗಶಃ ಕುಸಿಯುತ್ತವೆ. ಎರಡನೆಯ ಬಗೆಯ ಕಟ್ಟಡಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಸಣ್ಣ ಬಿರುಕು ಬಿದ್ದು, ಗಿಲಾವಿನ ದೊಡ್ಡ ತುಂಡುಗಳು ಉದುರುತ್ತವೆ. "ಮಧ್ಯಮ" ಎಂಬ ಪದದೊಳಗೆ ಇಷ್ಟೆಲ್ಲ ಅಡಗಿದೆ. ನೂರು ಮನೆಗಳ ಬೀದಿಯಲ್ಲಿ ಕುಸಿಯುವ ಐದು ಮನೆಗಳು ಯಾರವು ಎಂಬುದನ್ನು ನಕ್ಷೆ ಹೇಳುವುದಿಲ್ಲ, ಗೋಡೆಗಳು ಹೇಳುತ್ತವೆ.

ನಕ್ಷೆಯನ್ನು ಅತಿಯಾಗಿ ನಂಬಬಾರದು ಎಂಬುದಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ಸಾಕ್ಷಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು–ಉಸ್ಮಾನಾಬಾದು ಸೀಮೆಯಲ್ಲಿ 6.2 ಪ್ರಮಾಣದ ಭೂಕಂಪವಾದಾಗ, ಆ ಪ್ರದೇಶವು ಆಗಿನ ನಕ್ಷೆಯ ಪ್ರಕಾರ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಸುಮಾರು 8,000 ಜನ ಸತ್ತರು. ದಪ್ಪನೆಯ ಕಲ್ಲುಗೋಡೆ, ಮಣ್ಣಿನ ಗಾರೆ, ಬಿಸಿಲ ತಾಪ ತಡೆಯಲೆಂದು ಛಾವಣಿಯ ಮೇಲೆ ಹೇರಿದ ಮಣ್ಣಿನ ಭಾರ: ಈ ಮೂರೂ ಕೂಡಿ ಮಲಗಿದ್ದವರ ಮೇಲೆ ಬಿದ್ದವು. ಪ್ರಮಾಣದ ದೃಷ್ಟಿಯಿಂದ ಅದು 1900ರ ಕೊಯಮತ್ತೂರಿನ ಭೂಕಂಪಕ್ಕಿಂತ ಬಹಳ ದೊಡ್ಡದೇನಲ್ಲ. ಶಿಕ್ಷಕರು ಇದನ್ನು ಹೆದರಿಸುವುದಕ್ಕಾಗಿ ಹೇಳಬಾರದು, ಹೋಲಿಕೆಗಾಗಿ ಹೇಳಬೇಕು.

ಭೂಕಂಪಕ್ಕಾಗಿ ಕಾಯದೆಯೂ ಗೋಡೆ ಬೀಳುತ್ತದೆ. 2019ರ ಡಿಸೆಂಬರ್ 2ರ ನಸುಕಿನಲ್ಲಿ, ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಂ ಬಳಿಯ ನಡೂರಿನಲ್ಲಿ, ಮಳೆಯಲ್ಲಿ ನೆನೆದ ಒಂದು ಎತ್ತರದ ಕಾಂಪೌಂಡು ಗೋಡೆ ಪಕ್ಕದ ಮನೆಗಳ ಮೇಲೆ ಕುಸಿದು 17 ಜನ ಮಡಿದರು. ಆ ಗೋಡೆಯ ಬಗ್ಗೆ ಮೊದಲೇ ದೂರಿದ್ದೆವೆಂದು ಅಲ್ಲಿನ ನಿವಾಸಿಗಳು ಹೇಳಿದರು. ಎತ್ತರವಾಗಿ, ಆಧಾರವಿಲ್ಲದೆ ಒಂಟಿಯಾಗಿ ನಿಂತ ಗೋಡೆಯನ್ನು ಕೆಡವಲು ಮಳೆ ನೀರೊಂದೇ ಸಾಕಾಯಿತು. ನೆಲ ಅಲುಗುವಾಗ ಮೊದಲು ಬೀಳುವುದೂ ಇಂಥದೇ ಗೋಡೆ. ಎರಡು ಜಿಲ್ಲೆಗಳ ಮಕ್ಕಳಲ್ಲಿ ಹಲವರು ಈ ಘಟನೆಯನ್ನು ಮನೆಯಲ್ಲಿ ಕೇಳಿರುತ್ತಾರೆ. ಕೆಲವರಿಗೆ ಅದು ಹತ್ತಿರದವರ ಸಾವೂ ಆಗಿರಬಹುದು. ಹೆಸರು, ಜಾತಿ, ತಪ್ಪು ಯಾರದು ಎಂಬ ಚರ್ಚೆಗೆ ತರಗತಿಯನ್ನು ಎಳೆಯದೆ, ಆದರೆ ಆ ಹದಿನೇಳು ಜನರನ್ನು ಬರಿಯ ಉದಾಹರಣೆಯನ್ನಾಗಿಯೂ ಮಾಡದೆ, ಗೌರವದಿಂದ ಪ್ರಸ್ತಾಪಿಸುವುದು ಶಿಕ್ಷಕರ ವಿವೇಕಕ್ಕೆ ಸೇರಿದ್ದು.

ಗೋಡೆ ಬೀಳುವ ಬಗೆ

ಮೊದಲ ಅವಧಿಯನ್ನು ಪ್ರಯೋಗದಿಂದ ಆರಂಭಿಸುವುದು ಮೇಲು. ಸೋಮನೂರು, ಪಲ್ಲಡಂ ಕಡೆಯ ಮಕ್ಕಳಿಗೆ ಅಲುಗಾಟವೆಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ಮಗ್ಗ ಓಡುವ ಮನೆಯಲ್ಲಿ ಬಿಂದಿಗೆಯ ನೀರು ನಡುಗುವುದನ್ನು, ಗೂಡಿನಲ್ಲಿಟ್ಟ ಲೋಟ ಕಿಣಿಕಿಣಿ ಎನ್ನುವುದನ್ನು ಅವರು ಕಂಡಿರುತ್ತಾರೆ. ಅಲ್ಲಿಂದಲೇ ಆರಂಭಿಸಬಹುದು. ಮಗ್ಗದ ಅದುರು ಚಿಕ್ಕದು, ಒಂದೇ ಲಯದ್ದು. ಭೂಕಂಪದ ಅಲುಗಾಟ ದೊಡ್ಡದು, ಲಯವಿಲ್ಲದ್ದು, ಎಲ್ಲ ದಿಕ್ಕಿಗೂ ಎಳೆಯುವಂಥದ್ದು.

ಮೇಜಿನ ಮೇಲೆ ಗೋಲಿಗಳನ್ನು ಹರಡಿ, ಅವುಗಳ ಮೇಲೆ ಒಂದು ಹಲಗೆಯನ್ನಿಡಬೇಕು. ಹಲಗೆಯ ಮೇಲೆ ಸೀಮೆಸುಣ್ಣದ ಖಾಲಿ ಡಬ್ಬಿಗಳಿಂದ ಅಥವಾ ಮರದ ತುಂಡುಗಳಿಂದ ನಾಲ್ಕು ಗೋಡೆಗಳನ್ನು, ಮೂಲೆಗಳಲ್ಲಿ ಒಂದಕ್ಕೊಂದು ತಗಲದಂತೆ ಕಟ್ಟಬೇಕು. ಹಲಗೆಯನ್ನು ಹಿಂದೆ ಮುಂದೆ ಎಳೆದಾಗ ಎಳೆತದ ದಿಕ್ಕಿಗೆ ಉದ್ದವಾಗಿ ನಿಂತ ಎರಡು ಗೋಡೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಅಡ್ಡವಾಗಿ ನಿಂತ ಎರಡು ಗೋಡೆಗಳು ಬೀಳುತ್ತವೆ. ಗೋಡೆಯು ತನ್ನ ಉದ್ದಕ್ಕೆ ಬರುವ ತಳ್ಳಾಟವನ್ನು ತಡೆಯಬಲ್ಲದು. ತನ್ನ ದಪ್ಪದ ಕಡೆಗೆ ಬರುವ ತಳ್ಳಾಟವನ್ನು ತಡೆಯಲಾರದು. ಇದು ಇಡೀ ಪಾಠದ ಮೂಲ ಸೂತ್ರ. ಮಕ್ಕಳು ಇದನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು ಕಣ್ಣಾರೆ ಕಾಣಬೇಕು.

ಈಗ ಅದೇ ಗೋಡೆಗಳನ್ನು ಮೂಲೆಗಳಲ್ಲಿ ಒಂದರೊಳಗೊಂದು ಹೊಕ್ಕಂತೆ ಜೋಡಿಸಿ, ಸುತ್ತಲೂ ಒಂದು ರಬ್ಬರ್ ಬ್ಯಾಂಡನ್ನು ಹಾಕಿ ಅಲುಗಿಸಬೇಕು. ಉದ್ದದ ಗೋಡೆಯು ಅಡ್ಡ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ದಿಕ್ಕು ಬದಲಾದಾಗ ಅಡ್ಡ ಗೋಡೆಯು ಉದ್ದದ ಗೋಡೆಗೆ ಆಸರೆಯಾಗುತ್ತದೆ. ನಾಲ್ಕೂ ಕೂಡಿ ಪೆಟ್ಟಿಗೆಯಂತೆ ವರ್ತಿಸುತ್ತವೆ. ರಟ್ಟಿನ ಪೆಟ್ಟಿಗೆಯೊಂದನ್ನು ಮುಚ್ಚಳ ತೆರೆದು ಒತ್ತುವಂತೆಯೂ, ಮುಚ್ಚಿ ಒತ್ತುವಂತೆಯೂ ಮಕ್ಕಳಿಗೆ ಹೇಳಿದರೆ ಛಾವಣಿಯ ಪಾತ್ರವೂ ತಿಳಿಯುತ್ತದೆ. ನೇಕಾರ ಕುಟುಂಬಗಳ ಮಕ್ಕಳಿಗೆ ಇನ್ನೊಂದು ಹೋಲಿಕೆ ಹತ್ತಿರದ್ದು. ಹಾಸು ಇದ್ದು ಹೊಕ್ಕಿಲ್ಲದಿದ್ದರೆ ಅದು ಬಟ್ಟೆಯಲ್ಲ, ಬರಿಯ ನೂಲು. ಮೂಲೆಯಲ್ಲಿ ಇಟ್ಟಿಗೆಗಳು ಒಂದು ಬಿಟ್ಟು ಒಂದು ವರಸೆಯಲ್ಲಿ ಎದುರು ಗೋಡೆಯೊಳಕ್ಕೆ ಹೊಕ್ಕಿದ್ದರೆ ಮಾತ್ರ ಎರಡು ಗೋಡೆಗಳು ಒಂದಾಗುತ್ತವೆ.

ರಬ್ಬರ್ ಬ್ಯಾಂಡಿನ ಕೆಲಸವನ್ನು ನಿಜವಾದ ಕಟ್ಟಡದಲ್ಲಿ ಮಾಡುವುದು ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಪಟ್ಟಿ. ಅದು ತಳಪಾಯದ ಮೇಲೆ, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ, ಇಳಿಜಾರು ಛಾವಣಿಯಿದ್ದರೆ ಛಾವಣಿಯ ಕೆಳಗೂ ಸುತ್ತುವರಿದಿರಬೇಕು. ಇವುಗಳಲ್ಲಿ ಲಿಂಟಲ್ ಮಟ್ಟದ ಪಟ್ಟಿಯೇ ಅತಿ ಮುಖ್ಯವಾದದ್ದು. ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಹಾಕಿದ ಲಿಂಟಲ್ ಈ ಪಟ್ಟಿಯಾಗುವುದಿಲ್ಲ. ಎಲ್ಲ ಗೋಡೆಗಳ ಮೇಲೂ ಕಡಿಯದೆ ಸುತ್ತಿ ಬಂದಿರಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ಸಿ.ವಿ.ಆರ್. ಮೂರ್ತಿಯವರು ಸಿದ್ಧಪಡಿಸಿದ ಭೂಕಂಪ ಕುರಿತ ಕಿರು ಪಾಠಗಳಲ್ಲಿ ಈ ಪಟ್ಟಿಗಳ ಸರಳ ರೇಖಾಚಿತ್ರಗಳಿವೆ. ಕರಿಹಲಗೆಯ ಮೇಲೆ ಬಿಡಿಸಲು ಅವು ಬಹಳ ಅನುಕೂಲ.

ಅಲುಗುವ ಮುನ್ನ ನೋಡಬೇಕಾದುದು

ಎರಡನೆಯ ಅವಧಿಯಲ್ಲಿ ಮಕ್ಕಳು ಶಾಲೆಯ ಕಟ್ಟಡವನ್ನು ಒಂದು ಸುತ್ತು ಹಾಕುತ್ತಾರೆ. ನೋಡುವುದು ಮಾತ್ರ; ಗೋಡೆಯನ್ನು ತಳ್ಳುವುದು, ಸಡಿಲವಾದ ಗಿಲಾವನ್ನು ಕೀಳುವುದು, ತಾರಸಿಯ ಅಂಚಿಗೆ ಹೋಗುವುದು ಸಲ್ಲದು. ಬಿರುಕು ಬಿಟ್ಟ ಒಂಟಿ ಗೋಡೆಯ ಬುಡದಲ್ಲಿ ಮಕ್ಕಳನ್ನು ಗುಂಪಾಗಿ ನಿಲ್ಲಿಸಬಾರದು. ಗೋಡೆಯ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಿಸಿ ತೋರಿಸಬೇಕು.

ಮೊದಲ ನೋಟ ಮೂಲೆಗಳ ಕಡೆಗೆ. ಎರಡು ಗೋಡೆಗಳು ಕೂಡುವಲ್ಲಿ ಮೇಲಿನಿಂದ ಕೆಳಕ್ಕೆ ನೇರವಾದ ಸೀಳು ಇದೆಯೆ? ಇದ್ದರೆ ಪೆಟ್ಟಿಗೆಯು ಈಗಾಗಲೇ ಬಿಚ್ಚಿಕೊಳ್ಳತೊಡಗಿದೆ. ಹಳೆಯ ಶಾಲೆಗೆ ಆಮೇಲೆ ಸೇರಿಸಿದ ಕೋಣೆಗಳಲ್ಲಿ ಇದನ್ನು ಹೆಚ್ಚಾಗಿ ಕಾಣಬಹುದು. ಹೊಸ ಗೋಡೆಯನ್ನು ಹಳೆಯ ಗೋಡೆಗೆ ಒರಗಿಸಿ ಕಟ್ಟಿರುತ್ತಾರೆ, ಹೊಕ್ಕಿಸಿ ಕಟ್ಟಿರುವುದಿಲ್ಲ. ಗಿಲಾವು ಬಳಿದ ಮೇಲೆ ಎರಡೂ ಒಂದೇ ಗೋಡೆಯಂತೆ ಕಾಣುತ್ತವೆ.

ಅನಂತರ ಬಾಗಿಲು ಕಿಟಕಿಗಳು. ಗಾಳಿ ಬೆಳಕಿಗಾಗಿ ಶಾಲೆಗಳಲ್ಲಿ ಕಿಟಕಿಗಳು ಹೆಚ್ಚು. ಆದರೆ ಪ್ರತಿ ತೆರಪೂ ಗೋಡೆಯ ಬಲವನ್ನು ಕಳೆಯುತ್ತದೆ. ಐ.ಎಸ್. 4326 ಎಂಬ ಸಂಹಿತೆಯು ಕಠಿಣ ವರ್ಗದ ಕಟ್ಟಡಗಳಿಗೆ ವಿಧಿಸುವ ಮಿತಿ ಹೀಗಿದೆ: ಒಂದಂತಸ್ತಿನ ಕಟ್ಟಡದಲ್ಲಿ ಎರಡು ಅಡ್ಡಗೋಡೆಗಳ ನಡುವಿನ ಗೋಡೆಯ ಉದ್ದದಲ್ಲಿ ತೆರಪುಗಳ ಒಟ್ಟು ಅಗಲವು ಅರ್ಧವನ್ನು ಮೀರಬಾರದು, ಎರಡಂತಸ್ತಿನಲ್ಲಿ ನೂರಕ್ಕೆ 42ನ್ನು ಮೀರಬಾರದು. ಮೂಲೆಯಿಂದ ತೆರಪಿಗೆ ಕನಿಷ್ಠ 45 ಸೆಂಟಿಮೀಟರ್, ತೆರಪಿನಿಂದ ತೆರಪಿಗೆ ಕನಿಷ್ಠ 56 ಸೆಂಟಿಮೀಟರ್ ಗೋಡೆ ಉಳಿದಿರಬೇಕು. ಅಳತೆಪಟ್ಟಿ ಹಿಡಿದು ತಮ್ಮ ಕೋಣೆಯ ಲೆಕ್ಕವನ್ನು ಮಕ್ಕಳೇ ಮಾಡಲಿ. 6 ಮೀಟರ್ ಉದ್ದದ ಗೋಡೆಯಲ್ಲಿ 1.2 ಮೀಟರ್ ಅಗಲದ ಎರಡು ಕಿಟಕಿ ಮತ್ತು 1 ಮೀಟರ್ ಅಗಲದ ಒಂದು ಬಾಗಿಲಿದ್ದರೆ ತೆರಪಿನ ಒಟ್ಟು ಅಗಲ 3.4 ಮೀಟರ್, ಅರ್ಧವನ್ನು ಮೀರಿತು. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಕಲ್ಲಿನ ಗೋಡೆಗಳನ್ನು ಬೇರೆಯಾಗಿ ನೋಡಬೇಕು. ದಪ್ಪವಾದ ಕಲ್ಲುಗೋಡೆಯೇ ಗಟ್ಟಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಕಾಡುಗಲ್ಲಿನ ದಪ್ಪ ಗೋಡೆಯು ಅನೇಕ ವೇಳೆ ಒಂದು ಗೋಡೆಯಲ್ಲ, ಎರಡು. ಒಳಮುಖಕ್ಕೆ ಒಂದು ಸಾಲು, ಹೊರಮುಖಕ್ಕೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಅಲುಗಿದಾಗ ನಡುವಿನ ಚೂರು ಕೆಳಗಿಳಿದು ಎರಡು ಸಾಲುಗಳನ್ನೂ ಹೊರಕ್ಕೆ ನೂಕುತ್ತದೆ. ಗೋಡೆ ಹೊಟ್ಟೆ ಬಿಟ್ಟು ಒಡೆಯುತ್ತದೆ. ಕಿಲ್ಲಾರಿಯಲ್ಲಿ ಆದದ್ದು ಇದೇ. ಒಳಮುಖದಿಂದ ಹೊರಮುಖದವರೆಗೂ ತಲುಪುವ ಉದ್ದನೆಯ ಕಲ್ಲುಗಳನ್ನು ಎತ್ತರದಲ್ಲಿ 60 ಸೆಂಟಿಮೀಟರಿಗೊಂದರಂತೆ, ಉದ್ದದಲ್ಲಿ 1.2 ಮೀಟರಿಗೊಂದರಂತೆ ಇಟ್ಟಿದ್ದರೆ ಈ ಎರಡು ಸಾಲುಗಳು ಬೇರ್ಪಡುವುದಿಲ್ಲ. ಗೋಡೆಯ ದಪ್ಪವೂ 45 ಸೆಂಟಿಮೀಟರನ್ನು ಮೀರಬಾರದು. ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಒಂದು ಅವಧಿಗೆ ಶಾಲೆಗೆ ಕರೆದು, ಇಂಥ ಕಲ್ಲನ್ನು ಅವರು ಏನೆಂದು ಕರೆಯುತ್ತಾರೆ, ಎಲ್ಲೆಲ್ಲಿ ಇಡುತ್ತಾರೆ ಎಂದು ಮಕ್ಕಳಿಂದ ಕೇಳಿಸುವುದು ಅತ್ಯುತ್ತಮ. ಗೋಡೆ ಹೊಟ್ಟೆ ಬಿಟ್ಟಿದೆಯೆ ಎಂಬುದನ್ನು ತೂಗುಗುಂಡು ಇಳಿಬಿಟ್ಟು ತೋರಿಸಲೂ ಅವರೇ ತಕ್ಕವರು.

ಹಂಚಿನ ಕಟ್ಟಡದ ಎರಡು ತುದಿಗಳಲ್ಲಿ ಮುಕ್ಕೋನವಾಗಿ ಏರುವ ಗೋಡೆಗೆ ಮೇಲ್ಗಡೆ ಹಿಡಿತವಿರುವುದಿಲ್ಲ. ಅದು ಹೊರಕ್ಕೆ ಬೀಳುವುದು ಸುಲಭ. ಸಾಮಾನ್ಯವಾಗಿ ಅದರ ಕೆಳಗೇ ಮಕ್ಕಳು ಊಟಕ್ಕೆ ಕೂಡುವ ಜಗಲಿಯಿರುತ್ತದೆ. ತಾರಸಿಯ ಸುತ್ತಲಿನ ನಾಲ್ಕೂವರೆ ಅಂಗುಲದ ಪ್ಯಾರಪೆಟ್ ಗೋಡೆ, ದೊಡ್ಡ ಹಾಲನ್ನು ಎರಡು ತರಗತಿಯಾಗಿ ಮಾಡಲು ಕಟ್ಟಿದ ಅರ್ಧಗೋಡೆ, ಶೌಚಾಲಯದ ಮುಂದಿನ ಮರೆಗೋಡೆ: ಇವೂ ಅಷ್ಟೇ ದುರ್ಬಲ. 2021ರ ಡಿಸೆಂಬರಿನಲ್ಲಿ ತಿರುನೆಲ್ವೇಲಿಯ ಶಾಲೆಯೊಂದರಲ್ಲಿ ಶೌಚಾಲಯದ ಗೋಡೆ ಬಿದ್ದು ಮೂವರು ವಿದ್ಯಾರ್ಥಿಗಳು ಸತ್ತದ್ದನ್ನು ಶಿಕ್ಷಕರು ಮರೆತಿರಲಾರರು. ಅಂದು ಭೂಕಂಪವಾಗಿರಲಿಲ್ಲ.

ಬಿರುಕಿನ ಭಾಷೆ

ಮೂರನೆಯ ಅವಧಿಯು ಕನ್ನಡ ತರಗತಿಗೆ ಸೇರಬೇಕಾದದ್ದು. ಈ ಜಿಲ್ಲೆಗಳ ಕನ್ನಡ ಮಕ್ಕಳು ಗೋಡೆಯಲ್ಲಿನ ಗೆರೆಯನ್ನು ಕಂಡೊಡನೆ "ವಿರಿಸಲ್" ಎನ್ನುತ್ತಾರೆ. ಅದನ್ನು ತಪ್ಪೆಂದು ತಿದ್ದುವ ಅಗತ್ಯವಿಲ್ಲ. ತಮಿಳಿನ "ವಿರಿ" ಮತ್ತು ಕನ್ನಡದ "ಬಿರಿ" ಒಂದೇ ಬೇರಿನವು. ತಮಿಳಿನ ವಕಾರವು ಕನ್ನಡದಲ್ಲಿ ಬಕಾರವಾಗುವ ನಿಯಮವನ್ನು ಅವರು ಬೇರೆ ಪದಗಳಲ್ಲಿಯೂ ಕಂಡಿದ್ದಾರೆ. ಹೂವೂ ಬಿರಿಯುತ್ತದೆ, ಗೋಡೆಯೂ ಬಿರಿಯುತ್ತದೆ. ಆದರೆ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಿದರೆ ಗೋಡೆಯ ಸ್ಥಿತಿಯನ್ನು ಹೇಳಿದಂತಾಗುವುದಿಲ್ಲ. ಆದುದರಿಂದ ಪದಗಳನ್ನು ಬೇರೆ ಬೇರೆ ಕೆಲಸಕ್ಕೆ ಹಂಚಿಕೊಡಬೇಕು. ಗಿಲಾವಿನ ಮೇಲ್ಮೈಯಲ್ಲಿ ಮಾತ್ರ ಇರುವ ಕೂದಲೆಳೆಯಂಥದು ಗೆರೆ. ಗೋಡೆಯೊಳಕ್ಕೆ ಇಳಿದದ್ದು ಬಿರುಕು. ಈಚೆಯಿಂದ ಆಚೆಗೂ ಹಾದುಹೋದದ್ದು ಸೀಳು. ಗೋಡೆ ಲಂಬದಿಂದ ಸರಿದಿದ್ದರೆ ವಾಲಿಕೆ. ನಡುವೆ ಹೊರಕ್ಕೆ ಬಂದಿದ್ದರೆ ಉಬ್ಬು. ಒಂದು ಬದಿ ಕೆಳಗಿಳಿದಿದ್ದರೆ ಕುಸಿತ. ಈ ವಿಂಗಡಣೆ ನಿಘಂಟಿನದಲ್ಲ, ಪಾಠದ ಅನುಕೂಲಕ್ಕಾಗಿ ಮಾಡಿಕೊಂಡದ್ದು. ತರಗತಿಯಲ್ಲಿ ಎಲ್ಲರೂ ಒಪ್ಪಿ ಒಂದೇ ಅರ್ಥದಲ್ಲಿ ಬಳಸಿದರೆ ಸಾಕು.

ಬಿರುಕಿನ ಅಗಲಕ್ಕಿಂತ ಅದರ ದಿಕ್ಕು ಹೆಚ್ಚು ಹೇಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಿಸುವ ಚಿಹ್ನೆಯಂತೆ ಒಂದನ್ನೊಂದು ಕತ್ತರಿಸುವ ಜೋಡಿ ಬಿರುಕು: ಇವು ಗೋಡೆಯನ್ನು ಅದರ ಉದ್ದಕ್ಕೆ ಎರಡೂ ಕಡೆಯಿಂದ ಎಳೆದಾಡಿದ ಗುರುತು. ಭೂಕಂಪದ ಅನಂತರ ಇಟ್ಟಿಗೆ ಕಟ್ಟಡಗಳಲ್ಲಿ ಕಾಣುವ ಬಿರುಕುಗಳಲ್ಲಿ ಇದು ಪ್ರಸಿದ್ಧವಾದದ್ದು. ಮೂಲೆಯ ನೇರ ಸೀಳು ಗೋಡೆಗಳು ಬೇರ್ಪಡುತ್ತಿರುವ ಗುರುತು. ಛಾವಣಿಯ ಕೆಳಗೆ ಅಡ್ಡವಾಗಿ ಓಡುವ ಬಿರುಕು ಛಾವಣಿ ಮತ್ತು ಗೋಡೆ ಒಂದರ ಮೇಲೊಂದು ಜಾರಿದ, ಇಲ್ಲವೆ ಬಿಸಿಲಿಗೆ ಸ್ಲ್ಯಾಬು ಹಿಗ್ಗಿದ ಗುರುತು.

ಇಲ್ಲಿ ಮಕ್ಕಳೂ ದೊಡ್ಡವರೂ ಸುಲಭವಾಗಿ ಎಡವುವ ಒಂದು ಜಾಗವಿದೆ. ಉಡುಮಲೈ, ಪಲ್ಲಡಂ, ಪೊಳ್ಳಾಚಿ ಸೀಮೆಗಳಲ್ಲಿ ಕಪ್ಪು ಹತ್ತಿಮಣ್ಣು ಅಲ್ಲಲ್ಲಿ ಇದೆ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ತಳಪಾಯ ಹಾಕಿದ ಕಟ್ಟಡದ ಗೋಡೆಗಳಲ್ಲಿ ಓರೆ ಬಿರುಕುಗಳು ಭೂಕಂಪವಿಲ್ಲದೆಯೇ ಮೂಡುತ್ತವೆ. ಅಂಥ ಬಿರುಕು ಚಿತ್ತಿರೆ–ವೈಕಾಸಿಯ ಬಿಸಿಲಿನಲ್ಲಿ ಅಗಲವಾಗಿ, ಐಪ್ಪಸಿ–ಕಾರ್ತಿಗೈ ಮಳೆಯಲ್ಲಿ ಕಿರಿದಾಗುತ್ತದೆ. ಇದನ್ನು ತಿಳಿಯಲು ಒಂದೇ ದಾರಿ: ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯುವುದು, ನಡುವೆ ಬಿರುಕಿನ ಎರಡು ಬದಿಗೂ ಒಂದೊಂದು ಚುಕ್ಕೆಯಿಟ್ಟು ಅವುಗಳ ಅಂತರವನ್ನು ತಿಂಗಳಿಗೊಮ್ಮೆ ಅಳೆಯುವುದು. ತುದಿಗಳು ಗೆರೆ ದಾಟಿ ಮುಂದೆ ಹೋದರೆ ಬಿರುಕು ಬೆಳೆಯುತ್ತಿದೆ. ಅಂತರವು ಋತುವಿನೊಡನೆ ಹೆಚ್ಚಿ ತಗ್ಗಿದರೆ ಕಾರಣ ಮಣ್ಣು. ಒಂದು ವರ್ಷ ಅಲುಗದೆ ನಿಂತರೆ ಅದು ಹಳೆಯ ಗಾಯ. ಹೀಗಿದ್ದರೂ ಮಣ್ಣಿನಿಂದಾದ ಬಿರುಕೆಂದು ನಿರ್ಲಕ್ಷಿಸುವಂತಿಲ್ಲ. ಬಿರುಕು ಯಾವುದರಿಂದ ಬಂದಿದ್ದರೂ ಭೂಕಂಪವು ಅದೇ ದಾರಿಯಲ್ಲಿ ಗೋಡೆಯನ್ನು ತೆರೆಯುತ್ತದೆ.

ಅಲುಗಿದ ಮೇಲೆ

ಭೂಕಂಪದ ಅನಂತರದ ಹಾನಿಯನ್ನು ಎಂ.ಎಸ್.ಕೆ. ಮಾಪಕವು ಐದು ದರ್ಜೆಗಳಲ್ಲಿ ಹೇಳುತ್ತದೆ. ಗಿಲಾವಿನಲ್ಲಿ ಸಣ್ಣ ಗೆರೆಗಳು ಮೂಡಿ ಚೂರು ಉದುರಿದರೆ ಒಂದನೆಯ ದರ್ಜೆ. ಗೋಡೆಯಲ್ಲಿ ಸಣ್ಣ ಬಿರುಕುಗಳು ಬಿದ್ದು, ಗಿಲಾವಿನ ದೊಡ್ಡ ತುಂಡುಗಳು ಉದುರಿ, ಹಂಚುಗಳು ಜಾರಿದರೆ ಎರಡನೆಯದು. ಗೋಡೆಯಲ್ಲಿ ದೊಡ್ಡ, ಆಳವಾದ ಬಿರುಕುಗಳಾದರೆ ಮೂರನೆಯದು. ಗೋಡೆಯಲ್ಲಿ ಕಂಡಿ ಬಿದ್ದು, ಕಟ್ಟಡದ ಭಾಗಗಳು ಒಂದರಿಂದೊಂದು ಬಿಟ್ಟುಕೊಂಡು, ಒಳಗೋಡೆಗಳು ಬಿದ್ದರೆ ನಾಲ್ಕನೆಯದು. ಇಡೀ ಕಟ್ಟಡ ಬಿದ್ದರೆ ಐದನೆಯದು. ಪಟ್ಟಿಯನ್ನು ಉರು ಹಚ್ಚಿಸುವುದರಿಂದ ಪ್ರಯೋಜನ ಕಡಿಮೆ. ಶಿಕ್ಷಕರು ಕರಿಹಲಗೆಯ ಮೇಲೆ ಒಂದೇ ಕೋಣೆಯ ಚಿತ್ರವನ್ನು ಐದು ಸಲ ಬಿಡಿಸಿ, ದರ್ಜೆಯನ್ನು ಮಕ್ಕಳಿಂದಲೇ ನಿರ್ಧರಿಸಬೇಕು. ಎರಡು ಮತ್ತು ಮೂರರ ನಡುವೆ ಅವರು ಖಂಡಿತವಾಗಿ ವಾದ ಮಾಡುತ್ತಾರೆ; ಎಂಜಿನಿಯರುಗಳೂ ಮಾಡುತ್ತಾರೆ. ಬಿರುಕು ಗಿಲಾವಿನಲ್ಲಿ ನಿಂತಿದೆಯೆ, ಇಟ್ಟಿಗೆಯನ್ನೇ ಸೀಳಿದೆಯೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆಯೆ ಎಂಬ ಮೂರು ಪ್ರಶ್ನೆಗಳು ಆ ವಾದವನ್ನು ಬಹುಮಟ್ಟಿಗೆ ಬಗೆಹರಿಸುತ್ತವೆ. ಅಗಲವು ಸುಮಾರು 5 ಮಿಲಿಮೀಟರನ್ನು ಮೀರಿದರೆ ಅದು ಗಾರೆ ತುಂಬಿ ಮುಚ್ಚಿಬಿಡುವ ಕೆಲಸವಲ್ಲ.

ಈ ಪರಿಶೀಲನೆಗಾಗಿ ಯಾರೂ, ಮುಖ್ಯವಾಗಿ ಮಕ್ಕಳು, ಹಾನಿಗೊಂಡ ಕಟ್ಟಡದೊಳಕ್ಕೆ ಹೋಗಬಾರದು. ದೊಡ್ಡ ಭೂಕಂಪದ ಹಿಂದೆ ಮರುಕಂಪನಗಳು ಬರುತ್ತವೆ. ನೇಪಾಳದಲ್ಲಿ 2015ರ ಏಪ್ರಿಲ್ 25ರ 7.8 ಪ್ರಮಾಣದ ಭೂಕಂಪದ ಬಳಿಕ, ಮೇ 12ರಂದು 7.3 ಪ್ರಮಾಣದ ಕಂಪನ ಮತ್ತೆ ಬಂದಿತು. ಮೊದಲ ಸಲ ಬಿರಿದು ನಿಂತಿದ್ದ ಅನೇಕ ಕಟ್ಟಡಗಳು ಎರಡನೆಯದರಲ್ಲಿ ಬಿದ್ದವು. ಮೊದಲನೆಯದು ಶನಿವಾರ, ನೇಪಾಳದ ಶಾಲೆಗಳ ರಜಾದಿನ. ಅದು ಇನ್ನೊಂದು ವಾರವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಕುಸಿದ ಸಾವಿರಾರು ತರಗತಿ ಕೋಣೆಗಳು ಹೇಳುತ್ತವೆ.

ಹೊರಗೆ ಬರುವ ದಾರಿಯನ್ನು ಗುರುತಿಸುವಾಗ ಗುಜರಾತಿನ ಅಂಜಾರನ್ನು ನೆನೆಯಬೇಕು. 2001ರ ಜನವರಿ 26ರ ಬೆಳಗ್ಗೆ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಹೊರಟ ನೂರಕ್ಕೂ ಹೆಚ್ಚು ಮಕ್ಕಳು ಇಕ್ಕಟ್ಟಾದ ಬೀದಿಯ ಎರಡೂ ಕಡೆಯ ಕಟ್ಟಡಗಳು ಕುಸಿದು ಸತ್ತರು. ಅವರು ಕಟ್ಟಡದ ಒಳಗಿರಲಿಲ್ಲ, ಹೊರಗಿದ್ದರು. "ಹೊರಗೆ ಓಡಿ" ಎಂಬ ಸೂಚನೆ ಅಪೂರ್ಣವೆಂಬುದು ಇದರಿಂದ ಸ್ಪಷ್ಟ. ಹಳೆಯ ನೇಕಾರ ಬೀದಿಗಳಲ್ಲಿರುವ ಶಾಲೆಗಳಲ್ಲಿ ಬಾಗಿಲಿನಾಚೆ ನೇರವಾಗಿ ಓಣಿಯಿರುತ್ತದೆ. ಆ ಓಣಿ ಸುರಕ್ಷಿತ ಜಾಗವಲ್ಲ. ಅಲುಗಾಟ ನಿಲ್ಲುವವರೆಗೆ ಗಟ್ಟಿಯಾದ ಮೇಜಿನ ಕೆಳಗಿದ್ದು, ನಿಂತ ಮೇಲೆ ಗೋಡೆಗಳಿಂದ ದೂರವಿರುವ ಬಯಲಿಗೆ ಯಾವ ದಾರಿಯಿಂದ ಹೋಗಬೇಕೆಂದು ಶಿಕ್ಷಕರು ಮೊದಲೇ ನಡೆದು ನೋಡಿರಬೇಕು. ದಾರಿಯು ಕಾಂಪೌಂಡು ಗೋಡೆಯ ಬುಡದಲ್ಲಿ ಹಾದುಹೋಗುವಂತಿದ್ದರೆ ಬೇರೆ ದಾರಿ ಹುಡುಕಬೇಕು.

ಬರೆದಿಡುವುದು

ಕಟ್ಟಡ ಸುರಕ್ಷಿತವೋ ಅಲ್ಲವೋ ಎಂದು ತೀರ್ಪು ಕೊಡುವುದು ಶಿಕ್ಷಕರ ಅಥವಾ ಮಕ್ಕಳ ಕೆಲಸವಲ್ಲ. ಅದು ಅರ್ಹ ಎಂಜಿನಿಯರರದು. ಆದರೆ ಎಂಜಿನಿಯರರು ಬರುವಂತೆ ಮಾಡುವ ಕಾಗದವನ್ನು ಬರೆಯುವುದು ಶಾಲೆಯ ಕೆಲಸ. ನಾಲ್ಕನೆಯ ಅವಧಿಯಲ್ಲಿ ಎರಡು ಮಾದರಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಚರ್ಚಿಸಬೇಕು.

ಮೊದಲನೆಯದು: "ನಮ್ಮ ಶಾಲೆಯ ಗೋಡೆ ಬಹಳ ಹಾಳಾಗಿದೆ. ಯಾವ ಕ್ಷಣದಲ್ಲಾದರೂ ಬೀಳಬಹುದು. ದಯವಿಟ್ಟು ತಕ್ಷಣ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ."

ಎರಡನೆಯದು: "ಏಳನೆಯ ತರಗತಿಯ ಕೋಣೆ, ಪಶ್ಚಿಮದ ಗೋಡೆ. ಉತ್ತರದ ಕಿಟಕಿಯ ಮೇಲಿನ ಎಡಮೂಲೆಯಿಂದ ಛಾವಣಿಯವರೆಗೆ ಓರೆ ಬಿರುಕು. ಉದ್ದ 110 ಸೆಂ.ಮೀ.; ಹೆಚ್ಚಿನ ಅಗಲ 3 ಮಿ.ಮೀ. ಹೊರಗಿನಿಂದಲೂ ಅದೇ ಜಾಗದಲ್ಲಿ ಕಾಣುತ್ತದೆ. ಜೂನ್ ತಿಂಗಳಿನಲ್ಲಿ ಇದರ ಉದ್ದ 95 ಸೆಂ.ಮೀ. ಇತ್ತು. ಈ ಗೋಡೆಯ ಪಕ್ಕದಲ್ಲಿ 14 ಮಕ್ಕಳು ಕೂಡುತ್ತಾರೆ."

ಮೊದಲನೆಯದರಲ್ಲಿ ಆತಂಕವಿದೆ, ಮಾಹಿತಿಯಿಲ್ಲ; ಅಂಥ ಅರ್ಜಿಗಳು ಪ್ರತಿ ಕಚೇರಿಯ ಕಪಾಟಿನಲ್ಲಿಯೂ ಇವೆ. ಎರಡನೆಯದರಲ್ಲಿ ಒಂದೂ ವಿಶೇಷಣವಿಲ್ಲ, ಆದರೆ ಓದಿದವರು ಸುಮ್ಮನೆ ಕುಳಿತಿರಲಾರರು. ಎಲ್ಲಿ, ಯಾವ ದಿಕ್ಕಿಗೆ, ಎಷ್ಟು, ಯಾವಾಗಿನಿಂದ, ಯಾರಿಗೆ ಹತ್ತಿರ ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ವರದಿ ಪೂರ್ಣ. ಮಕ್ಕಳು ತಮ್ಮ ಮನೆಯ ಒಂದು ಗೋಡೆಯನ್ನು ಕುರಿತು ಇದೇ ಬಗೆಯಲ್ಲಿ ಎಂಟು ಸಾಲು ಬರೆದು ತರಲಿ. ಮನೆಯ ಬಡತನ ಬೇರೆಯವರೆದುರು ಬಯಲಾದೀತೆಂದು ಹಿಂಜರಿಯುವ ಮಗು ದೇವಸ್ಥಾನದ ಅಥವಾ ಬಸ್ ನಿಲ್ದಾಣದ ಗೋಡೆಯನ್ನು ಆರಿಸಿಕೊಳ್ಳಬಹುದು. ಈ ಆಯ್ಕೆಯನ್ನು ಎಲ್ಲರಿಗೂ ಮೊದಲೇ ಕೊಟ್ಟುಬಿಡುವುದು ಒಳ್ಳೆಯದು.

ಶಾಲೆಯ ವರದಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ ಮೇಲೆ ಅದನ್ನು ತಮಿಳಿಗೆ ತರುವ ಕೆಲಸವನ್ನು ಒಂಬತ್ತನೆಯ ತರಗತಿಯವರಿಗೆ ಒಪ್ಪಿಸಬಹುದು. ಮೂಲೆಗೆ ಮೂಲೈ, ಬಿರುಕಿಗೆ ವಿರಿಸಲ್, ಗೋಡೆಗೆ ಸುವರ್ ಎಂದು ಪದಗಳನ್ನು ಜೋಡಿಸುವಾಗ ಎರಡು ಭಾಷೆಗಳೂ ಕೈಗೆ ಬರುತ್ತವೆ. ಆ ಪ್ರತಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಶಾಲಾ ನಿರ್ವಹಣಾ ಸಮಿತಿಯ ಮುಂದಿಟ್ಟು, ನಡಾವಳಿಯಲ್ಲಿ ದಾಖಲಿಸಿ, ಅಲ್ಲಿಂದ ಬ್ಲಾಕ್ ಶಿಕ್ಷಣಾಧಿಕಾರಿಗೆ ಕಳುಹಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು. ಸ್ವೀಕೃತಿಯ ದಿನಾಂಕವನ್ನು ಮಕ್ಕಳ ನೋಟುಪುಸ್ತಕದಲ್ಲಿ, ಅದೇ ಬಿರುಕಿನ ಅಳತೆಯ ಪಕ್ಕದಲ್ಲಿ ಬರೆಯಬೇಕು.

ವಾರ್ಷಿಕ ಸುತ್ತನ್ನು ಮಾರ್ಗಳಿ ತಿಂಗಳಿನಲ್ಲಿ, ಪೊಂಗಲ್ ಹಬ್ಬಕ್ಕೆ ಸುಣ್ಣ ಬಳಿಯುವ ಮುನ್ನ ಇಟ್ಟುಕೊಳ್ಳುವುದು ಉಚಿತ. ಹೊಸ ಸುಣ್ಣದ ಕೆಳಗೆ ಬಿರುಕು ಕಾಣುವುದಿಲ್ಲ. ಪೆನ್ಸಿಲಿನ ಗುರುತು, ಚುಕ್ಕೆ, ದಿನಾಂಕಗಳೂ ಅಳಿಸಿಹೋಗುತ್ತವೆ. ಆದುದರಿಂದ ಪ್ರತಿ ಗುರುತಿನ ಜಾಗವನ್ನು ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಎಂದು ಅಳೆದು ಪುಸ್ತಕದಲ್ಲಿ ಬರೆದಿಟ್ಟು, ಸುಣ್ಣ ಒಣಗಿದ ವಾರದಲ್ಲಿಯೇ ಗೋಡೆಯ ಮೇಲೆ ಮತ್ತೆ ಹಾಕಬೇಕು.